ಸದ್ದಿಲ್ಲದ ಕ್ಯಾಮೆರಾ

ನಂಬದವರು ಈಗಲೇ ಎದ್ದು ಹೋಗಬಹುದು. ನಿರ್ವಾಣಯ್ಯ ಗುರುಗಳ ಶಿಷ್ಯರಲ್ಲಿ ದ್ಯಾಮಣ್ಣನಷ್ಟು ಚುರುಕಿನವನು ಇನ್ನೊಬ್ಬನಿರಲಿಲ್ಲ. ಹಾರುವ ಮಿಂಚುಳ್ಳಿಯ ಕಣ್ಣನ್ನೇ ಅವನ ಕ್ಯಾಮೆರಾ ಹಿಡಿಯುತ್ತಿತ್ತು. ಸುಳ್ಳು ಅನ್ನುವವರು ಅವನ ಮುಂದೆ ಬಂದು ಅನ್ನಲಿ.

ಗುರುಗಳು ದೇಶ ತಿರುಗಿ ಪಟ ತೆಗೆಯುವವರು. ಮರುದಿನ ಹಿಮಾಲಯಕ್ಕೆ ಹೊರಟಿದ್ದರು. ಜೊತೆಗೆ ಒಬ್ಬ ಶಿಷ್ಯನಿಗಷ್ಟೇ ಜಾಗ. ಆ ಸಂಜೆ ಯಾರ ಪಟ ಅವರಿಗೆ ಒಪ್ಪಿಗೆಯಾಗುತ್ತದೋ ಅವನೇ.

ದ್ಯಾಮಣ್ಣ ಹೊಳೆದಂಡೆಯಿಂದ ಎದೆಯುಬ್ಬಿಸಿಕೊಂಡು ಬಂದ. ಕ್ಯಾಮೆರಾ ಮುಂದೆ ಹಿಡಿದ.

ಪರದೆಯಲ್ಲಿ ಒಬ್ಬ ಮುದುಕ. ಸೊಂಟದವರೆಗೆ ನೀರು. ಹೆಂಡತಿಯ ಅಸ್ಥಿಯ ಕುಡಿಕೆಯನ್ನು ಬಿಡಲಾರದೆ ಎದೆಗವಚಿಕೊಂಡು, ಬಾಯಿ ತೆರೆದು ಅಳುತ್ತಿದ್ದಾನೆ.

"ತೆಗೆದದ್ದು ಅವರಿಗೆ ಗೊತ್ತೇನು?" ಎಂದರು ಗುರುಗಳು.

"ಹೇಗೆ ಗೊತ್ತಾಗಬೇಕು? ಹೊಸ ಕ್ಯಾಮೆರಾ, ಕ್ಲಿಕ್ ಅನ್ನುವ ಸದ್ದೇ ಇಲ್ಲ. ಪರದೆ ಮೇಲಕ್ಕೆ ಮಗುಚಿ, ಹೊಟ್ಟೆಯ ಹತ್ತಿರ ಹಿಡಿದು, ಎಲ್ಲೋ ನೋಡಿದ ಹಾಗೆ ಮಾಡಿದೆ. ಪಕ್ಕದಲ್ಲಿ ಕೂತವನಿಗೂ ತಿಳಿಯಲಿಲ್ಲ."

"ಹೋಗಿ ಅವರಿಗೆ ತೋರಿಸು."

ದ್ಯಾಮಣ್ಣನ ನಗು ಇಳಿಯಿತು. "ಜೊತೆಗೆ ಅಳಿಯಂದಿರಿದ್ದಾರೆ ಗುರುಗಳೇ. ಕಾಲು ಮುರಿದಾರು."

"ಮುರಿದರೆ ಹಿಮಾಲಯ ತಪ್ಪುತ್ತದೆ. ಹೋಗದಿದ್ದರೂ ತಪ್ಪುತ್ತದೆ."

ಹೋದ. ಮುದುಕ ಮೆಟ್ಟಿಲ ಮೇಲೆ ಕೂತು ಧೋತರ ಹಿಂಡುತ್ತಿದ್ದ. ದ್ಯಾಮಣ್ಣ ಪಟ ತೋರಿಸಿದ.

ದೊಡ್ಡ ಅಳಿಯ ಬಗ್ಗಿ ನೋಡಿದವನೇ ಅವನ ಕೊರಳಪಟ್ಟಿ ಹಿಡಿದ. ಕ್ಯಾಮೆರಾ ಕಿತ್ತು ನೀರಿನ ಮೇಲೆ ಚಾಚಿದ. "ಯಾರನ್ನ ಕೇಳಿ ತಗದಿ? ನಿಮ್ಮವ್ವ ಸತ್ತಾಗ ಹಿಂಗ ತಗೀತಿದ್ದೇನು?"



"ಬಿಡು ಮಲ್ಲೇಶಿ. ಇಲ್ಲಿ ಕೊಡು," ಎಂದ ಮುದುಕ.

ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡು ನೋಡಿದ. ನೋಡುತ್ತಲೇ ಇದ್ದ. ಅಳಿಯನ ಮುಷ್ಟಿ ಇನ್ನೂ ಸಡಿಲವಾಗಿರಲಿಲ್ಲ.

"ಅಳಿಸು," ಎಂದು ಮುದುಕ ಕ್ಯಾಮೆರಾ ಮರಳಿ ಕೊಟ್ಟ.

ಇದು ಹೋದರೆ ಹಿಮಾಲಯವೂ ಹೋಯಿತು. ದ್ಯಾಮಣ್ಣನ ಹೆಬ್ಬೆರಳು ಗುಂಡಿಯ ಮೇಲೆ ನಿಂತೇ ಬಿಟ್ಟಿತು. ಆಮೇಲೆ ಒತ್ತಿದ. ಪರದೆ ಕಪ್ಪಾಯಿತು.

"ತಪ್ಪಾಯ್ತು ಅಜ್ಜಾ," ಎಂದು ತಿರುಗಿದ.

"ಎಲ್ಲಿ ಹೊಂಟಿ?"

ಮುದುಕ ಮುಖ ತೊಳೆದ. ಒಣ ಅಂಗಿ ಹಾಕಿ ಕೊರಳವರೆಗೆ ಗುಂಡಿ ಹಾಕಿಕೊಂಡ. ನೆಟ್ಟಗೆ ಕೂತ.

"ಈಗ ತಗಿ. ನಾನು ನೋಡಾಕತ್ತೇನಿ."

ದ್ಯಾಮಣ್ಣ ಕತ್ತಲಾಗುವ ಹೊತ್ತಿಗೆ ಮರಳಿದ. ಗುರುಗಳ ಮುಂದೆ ತಲೆ ಎತ್ತಲಿಲ್ಲ.

"ಆ ಪಟ ಅಳಿಸಿದೆ. ಉಳಿದದ್ದು ಇದೊಂದೇ. ಸೆಟೆದು ಕೂತಿದ್ದಾರೆ. ರೇಷನ್ ಕಾರ್ಡಿನ ಪಟದ ಹಾಗಿದೆ."

ಗುರುಗಳು ಪರದೆಯನ್ನು ಕಣ್ಣ ಹತ್ತಿರ ತಂದು ನೋಡಿದರು.

"ಚೀಲ ಕಟ್ಟಿಕೋ," ಎಂದರು. "ಇದನ್ನು ಅವರು ನಿನಗೆ ಕೊಟ್ಟಿದ್ದಾರೆ."