ಓನೆಕ ರಾಣಿಯ ಮುತ್ತಜ್ಜಿ

ಹತ್ರ ಬಾ, ಇನ್ನೂ ಹತ್ರ. ಈ ಕತೆ ಯಾರಿಗೂ ಹೇಳಲ್ಲ ಅಂತ ಅಜ್ಜಿ ತಲೆ ಮುಟ್ಟಿ ಆಣೆ ಮಾಡು. ಪಕ್ಕದ್ಮನೆ ಚೂಡಾಮಣಿ ಹತ್ರ ಅಂತೂ ಉಸಿರು ಬಿಡಬೇಡ, ಅವಳ ಕಿವಿ ನಮ್ಮ ಗೋಡೆಗೇ ಅಂಟಿಕೊಂಡಿರುತ್ತೆ. ನಾನು ಕಾನ್ವೆಂಟಿಗೆ ಅಡಿಗೆಗೆ ಹೋಗ್ತಿದ್ದಾಗ ಅಲ್ಲಿನ ಮುದುಕಿ ಸಿಸ್ಟರು ಹೇಳಿದ್ದು ಇದು. ಕತೆ ನಡೆದದ್ದು ಸ್ಪೇನಲ್ಲಿ, ಅವರ ದೇಶವೂ ಅದೇ.

ನಿನ್ನ ತಾತನ ತಾತನೂ ಹುಟ್ಟದೇ ಇದ್ದ ಒಂದಾನೊಂದು ಕಾಲದಲ್ಲಿ ಆ ದೇಶದಲ್ಲೊಬ್ಬ ರಾಜ ಇದ್ನಂತೆ. ಗಂಡುಮಕ್ಕಳಿಲ್ಲ, ಓನೆಕ ಅಂತ ಒಬ್ಬಳೇ ಮಗಳು. ಅವಳ ಗಂಡ ತೀರಿಹೋಗಿ ಕಂಕುಳಲ್ಲಿ ಒಂದು ಗಂಡುಕೂಸು. ಹೆಂಗಸು ಒಬ್ಬಳೇ ರಾಜ್ಯ ಆಳೋದುಂಟೇ ಅಂತ ಆ ರಾಜ ಸಾಯೋ ಮುಂಚೆ ಅವಳನ್ನ ಪಕ್ಕದ ರಾಜ್ಯದ ದೊರೆ ಫೋರ್ತೂನನಿಗೆ ಕಟ್ಟಿದನಂತೆ. ಅವನೋ, ಮಲಗೋವಾಗ್ಲೂ ಕಬ್ಬಿಣದ ಅಂಗಿ ಬಿಚ್ಚದ ಆಸಾಮಿಯಂತೆ. ಅಂಥೋನ ಪಕ್ಕ ಯಾವಳು ಮಲಗ್ತಾಳೆ, ನೀನೇ ಹೇಳು. ಅಯ್ಯೋ ಬೇಡ, ನೀನು ಹೇಳಬೇಡ.

ಬಂದ ವರ್ಷವೇ ಕೋಟೆಗಳ ಬೀಗದಕೈಯೆಲ್ಲ ಕಿತ್ಕೊಂಡನಂತೆ. ರಾಣಿ ದೊಡ್ಡ ಪಾದ್ರಿ ಹತ್ರ ಹೋದ್ರೆ, ಹೆಂಡತಿದು ಗಂಡನದೇ ಅಲ್ವೇನಮ್ಮ ಅಂದ್ರಂತೆ. ಆಮೇಲೆ ತುಂಬಿದ ಸಭೇಲಿ ಕಪಾಳಕ್ಕೆ ಹೊಡೆದನಂತೆ. ಮತ್ತೆ ಹೋದ್ರೆ, ಸ್ವಲ್ಪ ಹೊಂದ್ಕೊಂಡು ಹೋಗಮ್ಮ ಅಂದ್ರಂತೆ. ಆಮೇಲೆ ಮೂರನೇದು, ನಿನ್ನ ಮಗನ ತಲೆ ಬೋಳಿಸಿ ಮಠಕ್ಕೆ ಸೇರಿಸ್ತೀನಿ, ಸನ್ಯಾಸಿಗೆ ಸಿಂಹಾಸನ ಯಾಕೆ ಅಂದನಂತೆ. ಈ ಸಲ ರಾಣಿ ಪಾದ್ರಿ ಹತ್ರ ಹೋಗಲಿಲ್ಲ, ಪಾದ್ರಿಯನ್ನೇ ಊಟಕ್ಕೆ ಕರೆದಳಂತೆ.

ಈ ಫೋರ್ತೂನನಿಗೆ ಒಂದು ಚಟ. ಎರಡು ಲೋಟ ದ್ರಾಕ್ಷಿ ಹೆಂಡ ಒಳಗೆ ಹೋದ್ರೆ ವಂಶ ಕೊಚ್ಕೊಳ್ಳೋದು. ಹೆಂಡತಿ ವಂಶ ಯಾವುದು ಅಂತ ಮಾತ್ರ ಒಂದು ದಿನವೂ ಕೇಳಿದೋನಲ್ಲ. ರಾಣಿ ತಾನೇ ಬಗ್ಗಿಸಿ ಕೊಡ್ತಾ, ಪಾದ್ರಿಗಳೂ ಕೇಳಲಿ, ನಿಮ್ಮ ಮನೆತನ ಹೇಳಿ ಅಂದಳಂತೆ. ಅವನು ಮೀಸೆ ತಿರುವಿ, ನಮ್ಮಪ್ಪ ಇಂಥೋನು, ನಮ್ಮ ತಾತ ಇಂಥೋನು, ನಮ್ಮ ಮುತ್ತಜ್ಜಿ ಮುನಿಯಾ, ಸಿಂಹಿಣಿ, ಅಂದನಂತೆ. ರಾಣಿ ತಣ್ಣಗೆ, ಹೌದಾ, ನಮ್ಮ ಮುತ್ತಜ್ಜೀನೂ ಅವಳೇ ಅಂದಳಂತೆ!

ಪಾದ್ರಿ ಕೈಯಲ್ಲಿದ್ದ ಮಾಂಸದ ತುಂಡು ತಟ್ಟೆಗೆ ಬಿತ್ತಂತೆ. ಯಾಕೆ ಗೊತ್ತಾ? ನಮ್ಮಲ್ಲಿ ಸೋದರಮಾವ ಅಂದ್ರೆ ಹೆಣ್ಣು ಕೇಳೋಕೆ ಮೊದಲ ಹಕ್ಕು ಅವನದು. ಅಲ್ಲಿ ಮುತ್ತಜ್ಜಿ ಒಬ್ಬಳೇ ಆದ್ರೂ ಮಹಾಪಾಪ, ಆ ಮದುವೆ ಮದುವೆಯೇ ಅಲ್ಲ. ಗಂಡನ ಬಾಯಿಂದಲೇ ಬಂದ ಮಾತು, ಊಟಕ್ಕೆ ಕೂತೋರೆಲ್ಲ ಕೇಳಿದಾರೆ, ಪಾದ್ರಿ ಏನು ಮಾಡ್ತಾರೆ? ಅಲ್ಲೇ ಮದುವೆ ಮುರಿದ್ರಂತೆ. ಫೋರ್ತೂನ ಬೀಗದಕೈ ಬಿಸಾಕಿ ಕುದುರೆ ಹತ್ತಿದನಂತೆ. ಮುತ್ತಜ್ಜಿ ವಿಷಯ ರಾಣಿಗೆ ಮದುವೆ ದಿನವೇ ಗೊತ್ತಿತ್ತಂತೆ ಕಣೇ, ಸೆರಗಲ್ಲಿ ಗಂಟು ಹಾಕಿ ಇಟ್ಕೊಂಡಿದ್ದಳು. ಏನು ತಲೆ ಅಂತೀನಿ!

ಆಮೇಲೆ ಹದಿನೇಳು ವರ್ಷ ಒಬ್ಬಳೇ ಆಳಿದಳಂತೆ. ಒಬ್ಬಳೇ ಅಂದ್ರೆ... ಲಗಾಮು ಹಿಡಿಯೋಕೆ ಒಬ್ಬ ಚೆಲುವ ಸರದಾರ ಇದ್ನಂತೆ, ರಾಣಿ ಆಗಾಗ ಹೊಟ್ಟೆನೋವು ಅಂತ ಆರು ತಿಂಗಳು ದೂರದ ಕೋಟೇಲಿ ಇರ್ತಿದ್ದಳಂತೆ, ಅದೆಲ್ಲ ನಿಂಗೆ ಬೇಡ. ಆಳೋ ಹೆಂಗಸಿಗೆ ಊರೋರು ಇಂಥದ್ದು ಅಂಟಿಸದೆ ಬಿಡ್ತಾರಾ? ಮಗ ದೊಡ್ಡೋನಾದ ಮೇಲೆ ಅವನ ತಲೆಗೆ ತನ್ನ ಕೈಯಾರೆ ಕಿರೀಟ ಇಟ್ಟಳಂತೆ. ಅವರು ಅಲ್ಲಿ ಸುಖವಾಗಿದ್ರು, ಕತೆ ಇಲ್ಲಿಗೆ ಸಾಕು, ಕಣ್ಣು ಮುಚ್ಚು.

ಮಗು ಕಣ್ಣು ಮುಚ್ಚಿತು, ಚೂಡಾಮಣಿಯ ಕಿಟಕಿ ತೆರೀತು. ನನ್ನ ಮುಖಕ್ಕೇ ಹೇಳಿದಳು: ತಂಗಮ್ಮನೋರೇ, ನೀವು ಕಟ್ಕೊಂಡಿದ್ದು ಸ್ವಂತ ಸೋದರಮಾವನ್ನೇ ಅಲ್ವೇನ್ರೀ? ನೀವಿಬ್ರೂ ಆ ದೇಶದಲ್ಲಿ ಹುಟ್ಟಿದ್ರೆ, ಪಾಪ, ಆ ಮನುಷ್ಯ ಎಂದೋ ಬಚಾವಾಗ್ತಿದ್ರು!