ಪೈಪು ಹಿಡಿದು ಹೋದ ತಿಪ್ಪೇಶಿ

ಆ ಬಾಗಿಲು ಸ್ವಲ್ಪ ಮುಂದೆ ಮಾಡಿ ಇತ್ತ ಬಾ. ಇನ್ನೂ ಹತ್ತಿರ. ನಾನು ಹೇಳೋದು ನಿನ್ನ ಕಿವಿ ದಾಟಿ ಆಚೆ ಹೋಗಕೂಡದು. ನಿನ್ನ ಗಂಡನಿಗೂ ಹೇಳಬೇಡ, ಅವನ ಬಾಯಿಗೆ ಬಿದ್ದರೆ ಬಸ್ ಸ್ಟ್ಯಾಂಡಿಗೆಲ್ಲ ಸಾರಿದ ಹಾಗೆ. ಬೇರೆಯವರು ಉಪ್ಪು ಖಾರ ಹಚ್ಚಿ ಹೇಳೋ ಮೊದಲು ನನ್ನ ಬಾಯಿಂದಲೇ ಕೇಳಿಬಿಡು. ಆಣೆ ಇಡು. ಹಾಂ, ಈಗ ಕೇಳು.

ನಮ್ಮ ಪಕ್ಕದ ಮನೆ ಪಾಲಕ್ಕ ಗೊತ್ತಲ್ಲ, ಸರ್ಕಾರಿ ಶಾಲೇಲಿ ಮಕ್ಕಳಿಗೆ ಅಡುಗೆ ಮಾಡೋಳು. ಅವಳಿಗೆ ಒಬ್ಬನೇ ಮಗ, ತಿಪ್ಪೇಶಿ. ಬಾಗಿಲ ಚೌಕಟ್ಟಿಗೆ ತಲೆ ತಗುಲೋ ಅಷ್ಟು ಎತ್ತರ. ಮೀಸೆ ಬಂದಿದೆ. ಬುದ್ಧಿ ಮಾತ್ರ ಎರಡನೇ ಕ್ಲಾಸಿನ ಹಿಂದಿನ ಬೆಂಚಲ್ಲಿ ಕೂತಿದೆ. ಅವನೂ ಅಲ್ಲೇ ಕೂತಿದಾನೆ. ಒಲೆ ಹತ್ತಿರ ಬಿಟ್ಟರೆ ಕೈ ಸುಟ್ಕೋತಾನೆ, ಮನೇಲಿ ಬಿಟ್ಟರೆ ಮನೆ ಸುಡ್ತಾನೆ ಅಂತ ಪಾಲಕ್ಕ ಕಣ್ಣಲ್ಲಿ ನೀರು ಹಾಕಿದ್ದಕ್ಕೆ, ಮಮ್ತಾಜ್ ಟೀಚರ್ ತಮ್ಮ ಕ್ಲಾಸಲ್ಲಿ ಜಾಗ ಕೊಟ್ಟರು. ಇಪ್ಪತ್ತೆರಡು ವರ್ಷದವನು ಏಳು ವರ್ಷದವರ ಜೊತೆ ಕೂತು ಪಾಠ ಕೇಳ್ತಾನೆ.

ಹೇಳಿದ್ದು ಮಾಡದ ಪೆದ್ದರನ್ನ ನಾನು ಬೇಕಾದಷ್ಟು ನೋಡಿದೀನಿ. ಇವನು ಹೇಳಿದ್ದನ್ನೇ ಮಾಡೋ ಪೆದ್ದ.

ಹೆಡ್‌ಮಾಸ್ಟರು ಮಾತ್ರ ಮೊದಲೇ ಹೇಳಿಬಿಟ್ಟಿದ್ದರು, ಇವನಿಂದ ತೊಂದರೆ ಆದರೆ ಗೇಟಿನ ಒಳಗೆ ಕಾಲಿಡಕೂಡದು ಅಂತ. ಅವನು ಹೊರಗೆ ಬಿದ್ದರೆ ಪಾಲಕ್ಕ ಮನೇಲಿ ಕೂತು ಅವನನ್ನ ಕಾಯಬೇಕು. ಅವಳು ಮನೇಲಿ ಕೂತರೆ ಸೌಟು ಇನ್ನೊಬ್ಬರ ಕೈಗೆ. ನನ್ನ ಸೊಸೆಗೂ ಸೌಟು ಹಿಡಿಯೋಕೆ ಬರುತ್ತೆ ಅನ್ನೋ ಮಾತು ಬೇರೆ. ಅದೆಲ್ಲ ಈಗ್ಯಾಕೆ.

ಒಂದು ದಿನ ಟೀಚರ್ ಪಾಠ ಮಾಡಿದರು. ಬೀದಿ ದೀಪ, ನಲ್ಲಿ, ಬೆಂಚು, ಕಸದ ತೊಟ್ಟಿ, ಇವೆಲ್ಲ ಎಲ್ಲರದು ಮಕ್ಕಳೇ, ನಮ್ಮ ಮನೆ ಸಾಮಾನಿನ ಹಾಗೆ ನೋಡ್ಕೋಬೇಕು ಅಂದರು. ಸಂಜೆ ತಿಪ್ಪೇಶಿ ಪುರಸಭೆಯ ಕಸದ ತೊಟ್ಟೀನ ತಲೆ ಮೇಲೆ ಹೊತ್ತು ಮನೆಗೆ ತಂದ. ತಿಕ್ಕಿ ತೊಳೆದ. ಒರೆಸಿದ. ದೇವರ ಗೂಡಿನ ಪಕ್ಕ ಇಟ್ಟು ಅದಕ್ಕೊಂದು ಕುಂಕುಮ ಇಟ್ಟ. ಓಣಿಯವರೆಲ್ಲ ಮೊರದಲ್ಲಿ ಕಸ ಹಿಡಿದು ತೊಟ್ಟಿ ಹುಡುಕ್ತಾ ಹುಡುಕ್ತಾ ಪಾಲಕ್ಕನ ಮನೆಗೆ ಬಂದರು. ಬಂದವರನ್ನ ಇವನು ಒಳಗೆ ಕರೆದ, ಚಪ್ಪಲಿ ಬಿಟ್ಟು ಬನ್ನಿ ಅಂದ.

ಪಾಲಕ್ಕ ತಲೆ ತಲೆ ಚಚ್ಚಿಕೊಂಡಳು. ಎಲ್ಲರದನ್ನ ಮನೆಯೊಳಗೆ ಇಟ್ಕೊಂಡರೆ ಹೆಂಗೋ ನನ್ನಪ್ಪ, ಎಲ್ಲರದು ಹೊರಗೆ, ಎಲ್ಲರ ಕೈಗೆ ಸಿಗೋ ಹಾಗೆ ಇರಬೇಕು ಅಂದಳು.

"ಆಗ್ಲಿ ಅವ್ವ, ಇನ್ಮೇಲೆ ಹಂಗೇ ಮಾಡ್ತೀನಿ" ಅಂದ.

ಮಾಡಿದ. ಮಾರನೇ ವಾರ ಪಾಲಕ್ಕ ನೀರಿಗೆ ಹೊರಟಳು. ಶಾಲೆ ನಲ್ಲಿ ಶಿವರಾತ್ರಿಯಿಂದ ಒಣಗಿ ನಿಂತಿತ್ತಲ್ಲ, ಅಡುಗೆಗೆ ಅಂತ ದಿನಾ ಹನ್ನೆರಡು ಬಿಂದಿಗೆ ನೀರು ಕೆರೆ ಏರಿಯ ಮೇಲಿನ ಬೋರಿನಿಂದ ಹೊರಬೇಕಿತ್ತು ಅವಳು. ಅಕ್ಕಿ ಚೀಲ ನೋಡ್ಕೋ ಅಂತ ಮಗನಿಗೆ ಹೇಳಿದಳು. ಈ ಅಕ್ಕಿ ಯಾರದು ಅಂತ ಕೇಳಿದ. ಎಲ್ಲ ಮಕ್ಕಳದು ಅಂದು ಹೋದಳು. ಎಲ್ಲರದಾದರೆ ಹೊರಗೆ ಇರಬೇಕಲ್ಲ. ಚೀಲ ಎಳೆದು ರಸ್ತೆ ಮಧ್ಯೆ ತಂದ, ಬಾಯಿ ಬಿಚ್ಚಿದ, ಕೈ ಕಟ್ಟಿ ಕಾವಲು ನಿಂತ. ಮೊದಲು ಕೋಳಿ ಬಂದವು. ಆಮೇಲೆ ಮೇಕೆ. ಆಮೇಲೆ ಒಂದು ಹಸು. ಅವನು ಯಾರನ್ನೂ ತಡೀಲಿಲ್ಲ.

ಹೆಡ್‌ಮಾಸ್ಟರು ಕೂಗಾಡಿದರು. ಟೀಚರ್ ಮಾತ್ರ ಅವನ ಪಕ್ಕ ಕೂತು ಸಮಾಧಾನವಾಗಿ ಹೇಳಿದರು, ಎಲ್ಲರದು ಅಂದರೆ ನುಗ್ಗಿದವರದಲ್ಲ ತಿಪ್ಪೇಶಿ, ಸಾಲಲ್ಲಿ ನಿಲ್ಲಬೇಕು. ಮೊದಲು ಬಂದವರಿಗೆ ಮೊದಲು. ದೊಡ್ಡವರಿರಲಿ ಚಿಕ್ಕವರಿರಲಿ, ನಮಗಿಂತ ಮುಂಚೆ ಬಂದವರ ಹಿಂದೆ ನಾವು.

"ಆಗ್ಲಿ ಟೀಚರ್, ಇನ್ಮೇಲೆ ಹಂಗೇ ಮಾಡ್ತೀನಿ."

ಅದನ್ನೂ ಮಾಡಿದ ಕಣೇ, ಅದೂ ನನ್ನ ಮನೆ ಮಗುವಿನ ಮೇಲೆ. ನನ್ನ ಮೊಮ್ಮಗಳು ಚಂದ್ರಿ ಅದೇ ಕ್ಲಾಸು. ಜಾರುಬಂಡೆಯಿಂದ ಬಿದ್ದು ಹಣೆ ಒಡಕೊಂಡಳು. ರಕ್ತ ಅಂದರೆ ರಕ್ತ. ಟೀಚರ್ ತಮ್ಮ ದುಪಟ್ಟಾ ಒತ್ತಿ ಹಿಡಿದು, ಆಸ್ಪತ್ರೆಗೆ ಓಡಿ ನರ್ಸಮ್ಮನ್ನ ಕರಕೊಂಡು ಬಾ ಅಂತ ತಿಪ್ಪೇಶೀನ ಅಟ್ಟಿದರು. ಓಡಿದ. ಅಲ್ಲಿ ಮೂವತ್ತು ಜನರ ಸಾಲು. ಹೋಗಿ ಕೊನೇಲಿ ನಿಂತ. ಯಾರೋ ಮುದುಕಿ ನೀನು ಮುಂದೆ ಹೋಗಪ್ಪ ಅಂದಳು, ಹೋಗಲಿಲ್ಲ. ಇನ್ಯಾರೋ ಬಸುರಿ ಜಾಗ ಬಿಟ್ಟಳು, ನೀವು ಮೊದಲು ಬಂದೋರು ಅಂದ. ಊಟದ ಗಂಟೆ ಆದ ಮೇಲೆ ವಾಪಸ್ ಬಂದ, ಕೈಯಲ್ಲಿ ಅವನದೇ ಹೆಸರಿನ ಚೀಟಿ, ಹುಳದ ಮಾತ್ರೆ. ನರ್ಸಮ್ಮ ಇಲ್ಲ. ಅಷ್ಟರಲ್ಲಿ ಟೀಚರೇ ಆಟೋದಲ್ಲಿ ಕರಕೊಂಡು ಹೋಗಿ ಬೇರೆ ಕಡೆ ಮೂರು ಹೊಲಿಗೆ ಹಾಕಿಸಿ ತಂದಿದ್ದರು.

ನಾನು ಸುಮ್ಮನಿರ್ತೀನಾ? ಸೊಸೆ ಕೈಲಿ ದೂರು ಬರೆಸಿದೆ, ಹೆಬ್ಬೆಟ್ಟು ಒತ್ತಿದೆ, ಹೆಡ್‌ಮಾಸ್ಟರ ಮೇಜಿನ ಮೇಲೆ ಇಟ್ಟೆ. ಅವರು ಓದಿ ಜೇಬಿಗೆ ಹಾಕ್ಕೊಂಡರು. ಸೋಮವಾರ ತೀರ್ಮಾನ ಮಾಡ್ತೀನಿ ಅಂದರು. ಆವತ್ತು ಪಾಲಕ್ಕ ನನ್ನ ಜಗುಲಿಗೆ ಬಂದು, ಮಗೂನ ಹಣೆ ಮುಟ್ಟಿ ನೋಡಿದಳು. ಕಾಗದ ವಾಪಸ್ ತಗೊಳ್ಳಿ ಅಂತ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಏನೋ. ಕೇಳಲಿಲ್ಲ.

ಟೀಚರ್ ಅವನಿಗೆ ಮತ್ತೆ ಬುದ್ಧಿ ಹೇಳಿದರು. ಇನ್ನೊಬ್ಬರ ಕಷ್ಟಕ್ಕೆ ಹೋದಾಗ ನಡುವೆ ಎಲ್ಲೂ ನಿಲ್ಲಬೇಡ ತಿಪ್ಪೇಶಿ, ಸಹಾಯ ಮಾಡೋರು ಎಲ್ಲಿದಾರೋ ನೇರ ಅವರ ಮುಂದೆ ಹೋಗಿ ನಿಂತು ಹೇಳು ಅಂತ.

"ಆಗ್ಲಿ ಟೀಚರ್."

ಶನಿವಾರ ಬಂತು. ಆವತ್ತಿನ ಪಾಠ, ನಮಗೆ ಸಹಾಯ ಮಾಡೋರು. ಕಾಗದ ತರೋರು, ಕಸ ಗುಡಿಸೋರು, ಕರೆಂಟಿನವರು, ನೀರು ಬಿಡೋರು. ಇವರು ನಮಗೆ ಕಾಣದೆ ಇರಬಹುದು ಮಕ್ಕಳೇ, ಒಬ್ಬೊಬ್ಬರನ್ನ ಹುಡುಕಿ ವಂದನೆ ಹೇಳಿ ಬನ್ನಿ, ಅದೇ ನಿಮ್ಮ ಹೋಮ್‌ವರ್ಕು ಅಂದರು. ತಿಪ್ಪೇಶಿ ಕೈ ಎತ್ತಿ, ನೀರು ಎಲ್ಲಿಂದ ಬರುತ್ತೆ ಟೀಚರ್ ಅಂದ. ಪೈಪಿನಲ್ಲಿ ಬರುತ್ತೆ ಅಂದರು.

ಶಾಲೆ ಬಿಟ್ಟಿತು. ಇವನು ಗುದ್ದಲಿ ತಂದ. ಒಣಗಿದ ನಲ್ಲಿಯ ಬುಡದಿಂದ ಶುರು ಮಾಡಿದ ನೋಡು ಅಗೆಯೋಕೆ. ಪೈಪು ಒಂದು ಗೇಣು ಆಳದಲ್ಲಿತ್ತು ಅಷ್ಟೇ. ಅಗೆದ, ಒಂದು ಹೆಜ್ಜೆ ಮುಂದೆ ಹೋದ. ಅಗೆದ, ಇನ್ನೊಂದು ಹೆಜ್ಜೆ. ಏನು ಮಾಡ್ತಿದೀಯೋ ಅಂದರೆ, ನೀರು ಕೊಡೋರಿಗೆ ವಂದನೆ ಹೇಳೋಕೆ ಹೋಗ್ತಿದೀನಿ ಅಂದ. ಮಕ್ಕಳು ನಾವೂ ಬರ್ತೀವಿ ಅಂದವು. ಸಾಲಲ್ಲಿ ಬನ್ನಿ ಅಂದ. ನಲವತ್ತು ಮಕ್ಕಳು ಶಾಲೆ ಬೇಲಿಯ ದಾಸವಾಳ ಕಿತ್ತುಕೊಂಡು, ಒಬ್ಬರ ಹಿಂದೆ ಒಬ್ಬರು, ಗುದ್ದಲಿಯ ಹಿಂದೆ ಹೊರಟವು.

ಓಣಿ ಮೂಲೇಲಿ ಕಬ್ಬಿಣದ ಪೈಪಿಗೆ ಒಂದು ಕರೀ ಪೈಪು ಸೇರಿತ್ತು. ತಿಪ್ಪೇಶಿ ಎರಡಕ್ಕೂ ಕಿವಿ ಇಟ್ಟು ಕೇಳಿದ. ಕರೀದರಲ್ಲಿ ನೀರು ಓಡೋ ಸದ್ದು. ಆ ಕಡೆ ತಿರುಗಿದ. ಕಳ್ಳಿ ಬೇಲಿ ಬಂತು, ನಡುವೆ ನಿಲ್ಲಬೇಡ ಅಂದಿದ್ದರಲ್ಲ, ಬೇಲಿ ಕಿತ್ತ. ಬಾಳೆ ಗಿಡದ ಬುಡ ಬಂತು, ಸುತ್ತಿ ಅಗೆದ. ಅಗೆದು ಅಗೆದು ತಲೆ ಎತ್ತಿದ.

ನಾನು ಹಂಡೆ ತಿಕ್ಕುತಾ ಕೂತಿದ್ದೆ. ನನ್ನ ಹಿತ್ತಲಲ್ಲಿ.

ಹಂಗೆ ನೋಡಬೇಡ. ಮೂರು ವರ್ಷದ ಹಿಂದೆ ಓಣಿಯವರೆಲ್ಲ ಮದುವೆಗೆ ಹೋಗಿದ್ದಾಗ ಹಾಕಿಸಿದ್ದು. ಬೆರಳು ದಪ್ಪದ ಪೈಪು, ಅಷ್ಟೇ. ನನ್ನ ಮಂಡಿ ನೋವು ನಿನಗೆ ಗೊತ್ತಿಲ್ಲವಾ? ನನ್ನ ಹಿತ್ತಲು ತಗ್ಗು, ಬೇಸಿಗೇಲಿ ಬರೋ ಅಷ್ಟೂ ನೀರು ಅಲ್ಲಿಗೇ ಇಳಿದರೆ ನಾನೇನು ಮಾಡಲಿ? ಶಾಲೆ ನಲ್ಲಿ ಒಣಗಿದ್ದಕ್ಕೂ ಇದಕ್ಕೂ ಸಂಬಂಧ ಅಂತ ನಾನು ಯೋಚನೆ ಮಾಡಿರಲಿಲ್ಲ. ಸರಿ, ಮಾಡಿದ್ದೆ. ಒಂದೆರಡು ಸಲ.

ತಿಪ್ಪೇಶಿ ಗುದ್ದಲಿ ಕೆಳಗಿಟ್ಟ. ಅಂಗಿಯ ಮಣ್ಣು ಕೊಡವಿದ. ನೇರ ನನ್ನ ಮುಂದೆ ಬಂದು ನಿಂತು ಕೈ ಮುಗಿದ.

"ಅಜ್ಜಿ, ನಮಗೆ ನೀರು ಕೊಡೋರು ನೀವಾ? ವಂದನೆಗಳು."

ಅಣಕ ಇಲ್ಲ ಕಣೇ ಆ ಮುಖದಲ್ಲಿ. ಇದ್ದಿದ್ದರೆ ಬೈದು ಅಟ್ಟುತಿದ್ದೆ. ಅವನ ಹಿಂದೆ ಮಕ್ಕಳು ಒಂದೊಂದಾಗಿ ಬಂದವು. ವಂದನೆಗಳು ಅಜ್ಜಿ. ಒಂದು ದಾಸವಾಳ. ವಂದನೆಗಳು ಅಜ್ಜಿ. ಇನ್ನೊಂದು. ನನಗೆ ಈ ವಯಸ್ಸಲ್ಲಿ ಯಾರು ಹೂ ಕೊಟ್ಟಿದಾರೆ? ಕೈ ತಾನಾಗೇ ಚಾಚಿತು. ಇರಲಿ ಮಕ್ಕಳೇ, ಇರಲಿ ಅಂತ ಬಾಯೂ ಅಂದುಬಿಟ್ಟಿತು. ಹದಿನೇಳನೆಯದು ಚಂದ್ರಿ, ಹಣೆಗೆ ಪಟ್ಟಿ. ಅವಳು ಹೂ ಕೊಟ್ಟು, ಪಕ್ಕದಲ್ಲಿ ತುಂಬಿ ಹರೀತಿದ್ದ ನಲ್ಲಿ ನೋಡಿ, ಮತ್ತೆ ನನ್ನ ಮುಖ ನೋಡಿದಳು. ಆ ಮಗು ದಿನಾ ಶಾಲೆಗೆ ಬಾಟಲಿಯಲ್ಲಿ ನೀರು ಒಯ್ಯುತ್ತೆ. ತುಂಬಿ ಕೊಡೋಳು ನಾನೇ.

ಬೇಲಿ ಕಿತ್ತ ಜಾಗದಲ್ಲಿ ಓಣಿ ಓಣಿಯೇ ನಿಂತಿತ್ತು. ಟೀಚರ್ ನೆಲ ನೋಡ್ತಿದ್ದರು. ಹೆಡ್‌ಮಾಸ್ಟರು ಜೇಬಿನಿಂದ ನನ್ನ ಹೆಬ್ಬೆಟ್ಟಿನ ಕಾಗದ ತೆಗೆದು, ಬೇಲಿ ಹಾಳು ಮಾಡಿದ್ದನ್ನೂ ಇದರಲ್ಲೇ ಸೇರಿಸಿ ಬರೀಲಾ ಹಾಲಜ್ಜಿ ಅಂತ ಕೇಳಿದರು. ಬೇಡ ಅಂದೆ. ನಾಲ್ಕು ಮಡಿಕೆ ಮಡಚಿ ನನ್ನ ಕೈಗೇ ಕೊಟ್ಟರು. ದಾಸವಾಳದ ಜೊತೆ ಅದನ್ನೂ ಹಿಡಿದುಕೊಂಡೆ.

ಸೋಮವಾರ ನೀರುಗಂಟಿ ಬಂದು ಕರೀ ಪೈಪು ಕತ್ತರಿಸಿ ಹೋದ. ಶಾಲೆ ನಲ್ಲಿಯಲ್ಲಿ ನೀರು ಬಂತು. ತಿಪ್ಪೇಶಿ ಹಿಂದಿನ ಬೆಂಚಲ್ಲೇ ಇದಾನೆ. ಸೌಟು ಪಾಲಕ್ಕನ ಕೈಲೇ ಇದೆ.

ಇವತ್ತು ಬೆಳಗ್ಗೆ ಬಿಂದಿಗೆ ಎತ್ತಿಕೊಂಡು ಆ ನಲ್ಲಿಗೆ ಹೋದೆ, ಮೂರು ವರ್ಷದ ಮೇಲೆ. ಬಿಂದಿಗೆಗಳು ಸಾಲಾಗಿದ್ದವು. ಪಾಲಕ್ಕ ನಿಂತಿದ್ದಳು. ಬೈತಾಳೆ ಅಂತ ನಾನು ಉತ್ತರ ಎಲ್ಲ ಜೋಡಿಸಿಕೊಂಡೇ ಹೋಗಿದ್ದೆ, ಅವಳ ಮಗನ ಹಳೇ ಕತೆ ಒಂದೊಂದೂ ನಾಲಗೆ ತುದೀಲಿತ್ತು. ವಯಸ್ಸಾದವಳು ಅಂತ ನನ್ನ ಬಿಂದಿಗೇನ ಎಲ್ಲಕ್ಕಿಂತ ಮುಂದೆ ಇಟ್ಟೆ. ಅವಳು ಬಗ್ಗಿ ಅದನ್ನ ಎತ್ತಿದಳು, ತಂದು ನನ್ನ ಕೈಗೆ ಕೊಟ್ಟಳು, ನನ್ನ ಮುಖ ನೋಡಿಯೇ ಅಂದಳು:

"ಕೊನೇಲಿರೋದು ನನ್ನ ಬಿಂದಿಗೆ, ಹಾಲಜ್ಜಿ. ನಿಮ್ಮದು ಅದರ ಹಿಂದೆ."