ಸುಳಿಗೆ ಹೊದಿಸಿದ ಹುಲ್ಲು

"ಗುರುಗಳೇ, ಸುಳ್ಳೆಂದು ಕಣ್ಣಾರೆ ಕಂಡ ಮೇಲೂ ಜನ ಅದನ್ನು ಯಾಕೆ ಬಿಡುವುದಿಲ್ಲ?" ಎಂದು ಶಿಷ್ಯ ಕೇಳಿದ.

ಅವನು ಭಿಕ್ಷೆಗೆ ಹೋದ ಊರಿನಲ್ಲಿ ಜನ ಬತ್ತಿಹೋದ ಬಾವಿಯೊಂದಕ್ಕೆ ಪೂಜೆ ಮಾಡುತ್ತಿದ್ದರು. ನೀರಿಲ್ಲದ ಬಾವಿಗೆ ಬಾಗಿನ ಯಾಕೆ ಎಂದು ಇವನು ಕೇಳಿದ. ಅವರು ಬೈದು ಕಳಿಸಿದರು. ಬರಿದಾದ ಜೋಳಿಗೆ ಹೊತ್ತು ಬಂದವನಿಗೆ ಹಸಿವಿಗಿಂತ ಸಿಟ್ಟೇ ಹೆಚ್ಚಾಗಿತ್ತು. "ಮೂರ್ಖರು. ನಾಳೆ ಮತ್ತೆ ಹೋಗಿ, ಎಲ್ಲರನ್ನೂ ಕೂರಿಸಿ ಹೇಳುತ್ತೇನೆ" ಎಂದ.

"ಹೋಗುವೆಯಂತೆ. ನಿನ್ನ ನಾಲಗೆ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಕೂತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಬೆಚ್ಚನೆಯ ಕಣಿವೆಯೊಂದರಲ್ಲಿ ಬೇನೆ ಬಂದು ಒಂದು ಊರು ಹಾಳಾಯಿತು. ಉಳಿದ ಕೆಲವರು ಬೆಟ್ಟ ಹತ್ತಿ, ಮಂಜು ಗಡ್ಡೆಕಟ್ಟುವ ಸೀಮೆಗೆ ಹೋಗಿ ನೆಲೆಸಿದರು. ಅವರಲ್ಲಿದ್ದ ಒಬ್ಬ ಅಜ್ಜಿ ಬರುವಾಗ ಮರಜರಿಯ ಸಸಿಯೊಂದನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದಳು. ಬಂಡೆಯ ಸಂದಿಯಲ್ಲಿ ಬೆಳೆಯುವ ಜರಿಗಿಡ ನಿನಗೆ ಗೊತ್ತು. ಅದೇ ಜಾತಿಯದು, ಆದರೆ ಮರದಷ್ಟು ಎತ್ತರ ಬೆಳೆಯುತ್ತದೆ. ಹೂವಿಲ್ಲ, ಹಣ್ಣಿಲ್ಲ, ಕೊಂಬೆಯಿಲ್ಲ. ಅದರ ಜೀವವೆಲ್ಲ ತುದಿಯ ಸುಳಿಯಲ್ಲಿ. ಸುಳಿ ಹೋದರೆ ಬೇರೆಲ್ಲಿಂದಲೂ ಚಿಗುರುವುದಿಲ್ಲ.

ಚಳಿ ತಡೆಯದ ಆ ಗಿಡವನ್ನು ಅಜ್ಜಿ ಬದುಕಿಸಿಕೊಂಡಳು. ಚಳಿಗಾಲ ಕಾಲಿಡುವ ಮೊದಲು ಸುಳಿಯೊಳಗೆ ಒಣಹುಲ್ಲು ತುಂಬುತ್ತಿದ್ದಳು, ಕಾಂಡಕ್ಕೆ ಹುಲ್ಲಿನ ಹೊದಿಕೆ ಸುತ್ತುತ್ತಿದ್ದಳು, ಮೇಲೆ ನೀರಿಳಿಯದಂತೆ ಚರ್ಮ ಕಟ್ಟುತ್ತಿದ್ದಳು. ಬಿಸಿಲು ಏರಿದ ಮೇಲೆ ಬಿಚ್ಚುತ್ತಿದ್ದಳು. ಸುಳಿಯಿಂದ ಹೊಸ ಗರಿಗಳು ಸುರುಳಿ ಬಿಚ್ಚಿ ಏಳುತ್ತಿದ್ದವು. ಬಿಟ್ಟುಬಂದ ಊರಿನದು ಎಂದು ಅವರ ಬಳಿ ಉಳಿದದ್ದು ಅದೊಂದೇ. ಈ ಮರ ಇರುವವರೆಗೆ ನಮ್ಮ ಕುಲ ಇರುತ್ತದೆ ಎಂದು ಜನ ನಂಬಿದರು. ಅಜ್ಜಿ ಹೋದ ಮೇಲೂ ಪ್ರತಿವರ್ಷ ಮನೆಮನೆಯಿಂದ ಹುಲ್ಲು ಬರುತ್ತಿತ್ತು.

ಅಜ್ಜಿ ಮಕ್ಕಳಿಗೆ ಒಂದು ಮಾತು ಹೇಳಿದ್ದಳು. ಸುಳಿಯನ್ನು ಕೈಯಿಂದ ಮುಟ್ಟಬೇಡಿ ಎಂದು. ಎಳೆಯದು, ಮಕ್ಕಳು ಚಿವುಟಿ ಹಾಕುತ್ತಾರೆ ಎಂಬ ಭಯ ಅವಳಿಗೆ. ಮಕ್ಕಳು ದೊಡ್ಡವರಾದರು, ಮಾತು ಶಾಸ್ತ್ರವಾಯಿತು. ಆಮೇಲೆ ಯಾರೂ ಸುಳಿಗೆ ಕೈ ಹಾಕಲಿಲ್ಲ. ಏಣಿಯ ಮೇಲೆ ನಿಂತು ಕವೆಗೋಲಿನಿಂದ ಹುಲ್ಲು ತುರುಕುತ್ತಿದ್ದರು. ಆ ಕೆಲಸ ಒಬ್ಬ ರೈತನ ಪಾಲಿಗೆ ಬಂದಿತ್ತು. ಒಳ್ಳೆಯ ಮನುಷ್ಯ. ಒಳ್ಳೆಯವನೆಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀನು ಅವನನ್ನು ಬೈಯಲು ಹೊರಡಬೇಡ.

ಒಂದು ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹಿಡಿಯಿತು. ವಾರಗಟ್ಟಲೆ ಬಿಡಲಿಲ್ಲ. ಕೊಯ್ದ ಹುಲ್ಲು ಹೊಲದಲ್ಲೇ ಕೊಳೆಯಿತು. ಚಳಿಗಾಲ ಬರುವಾಗ ಒಣಹುಲ್ಲೆಂದು ಊರಿನಲ್ಲಿ ಉಳಿದದ್ದು ಜನ ಮಲಗುವ ಹಾಸಿಗೆಯ ಹುಲ್ಲು ಮಾತ್ರ. ಆ ಹಾಸಿಗೆಯಿಂದಲೇ ಒಂದೊಂದು ಹಿಡಿ ತೆಗೆದು ಕೊಟ್ಟರು. ಸಾಲಲಿಲ್ಲ. ರೈತ ಕೊನೆಗೆ ತನ್ನ ಮನೆಗೇ ಬಂದ. ಅವನ ಮಗ ಚಳಿಗಾಲ ಕಳೆಯಲು ಕುರಿ ಹೊಡೆದುಕೊಂಡು ತಗ್ಗಿನ ಸೀಮೆಗೆ ಹೋಗಿದ್ದ. ಸೊಸೆ ಬಾಣಂತಿ. ಎಳೆಗೂಸನ್ನು ಹುಲ್ಲಿನ ಮೇಲೆ ಮಲಗಿಸಿಕೊಂಡಿದ್ದಳು.

"ಮಾವ, ಮಳೆ ನಿಂತ ಮೇಲೆ ಮರಕ್ಕೆ ಒಂದು ಹೊಸ ಗರಿಯೂ ಬರಲಿಲ್ಲ. ಒಂದು ಸಲ ಸುಳಿಗೆ ಕೈಯಿಟ್ಟು ನೋಡಿ. ಜೀವ ಇದ್ದರೆ ಈ ಹುಲ್ಲನ್ನು ನಾನೇ ಎತ್ತಿಕೊಡುತ್ತೇನೆ" ಎಂದಳು.

"ಅನುಮಾನದಿಂದ ಮುಟ್ಟಿದರೆ ಇದ್ದದ್ದೂ ಹೋಗುತ್ತದೆ, ತಾಯಿ. ಹಳೆಯ ಗರಿ ಹಸಿರಾಗಿಯೇ ಇದೆಯಲ್ಲ. ಕುಲ ಉಳಿದರೆ ತಾನೇ ಕೂಸು?" ಎಂದ ರೈತ.

ಅವಳು ಎದ್ದು ಮಗುವನ್ನು ಎತ್ತಿಕೊಂಡು, ಹುಲ್ಲನ್ನು ತಾನೇ ಬಾಚಿ ಕೊಟ್ಟಳು. ರೈತನೂ ಸುಮ್ಮನೆ ಹೊರಟುಹೋಗಲಿಲ್ಲ. ತನ್ನ ಕಂಬಳಿಯನ್ನು ಅವಳಿಗೆ ಕೊಟ್ಟು, ತಾನು ಒಲೆಯ ಬೂದಿಯ ಪಕ್ಕದಲ್ಲಿ ಮಲಗಿದ. ಆದರೆ ನೆಲ ಕಲ್ಲಿನಂತೆ ಹೆಪ್ಪುಗಟ್ಟುವ ಕಾಲ ಅದು. ಮೇಲೆ ಎಷ್ಟು ಹೊದಿಸಿದರೂ ಕೆಳಗಿನಿಂದ ಥಂಡಿ ಏರುತ್ತಿತ್ತು. ಮಗುವಿಗೆ ಕೆಮ್ಮು ಹಿಡಿಯಿತು. ಚಳಿ ಮುಗಿಯುವ ಮುನ್ನ ಮಗು ತೀರಿಕೊಂಡಿತು. ಮಣ್ಣು ಅಗೆಯಲು ಆಗದೆ ಕಲ್ಲು ಪೇರಿಸಿ ಮುಚ್ಚಿದರು.

ಬಿಸಿಲು ಬಂತು. ಊರೆಲ್ಲ ಸೇರಿ ಹೊದಿಕೆ ಬಿಚ್ಚಿದರು. ಕಾಂಡ ಮೊದಲಿನಂತೆಯೇ ನೆಟ್ಟಗೆ ನಿಂತಿತ್ತು. ಗರಿ ಬರಲಿ ಎಂದು ಕಾದರು. ಕಾಡಿನ ಹೂವೆಲ್ಲ ಅರಳಿ ಉದುರಿತು, ಗರಿ ಬರಲಿಲ್ಲ. ಆಗ ರೈತ ಏಣಿ ಹತ್ತಿ, ಮೊದಲ ಬಾರಿಗೆ ಸುಳಿಯೊಳಗೆ ಕೈಯಿಟ್ಟ. ಕೈ ಮೊಣಕೈವರೆಗೆ ಇಳಿಯಿತು. ಒಳಗೆ ಕೊಳೆತು ಕಪ್ಪಾದ ಗಸಿ ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ಚಳಿಗಾಲದಲ್ಲಿ ಅಷ್ಟು ಕೊಳೆಯುವುದಿಲ್ಲ ಎಂದು ಅವನಿಗೆ ತಿಳಿಯಿತು. ಹುಲ್ಲು ಕೊಳೆಸಿದ ಮಳೆಯೇ ಸುಳಿಯನ್ನೂ ಕೊಳೆಸಿತ್ತು. ಹುಲ್ಲು ಕೇಳಲು ಅವನು ಸೊಸೆಯ ಮುಂದೆ ನಿಂತಾಗಲೇ ಮರ ಸತ್ತಿತ್ತು.

ಅವನು ಮುಚ್ಚಿಡಲಿಲ್ಲ. ಕಪ್ಪಾದ ಕೈಯನ್ನು ಎಲ್ಲರಿಗೂ ತೋರಿಸಿದ. ಸೊಸೆಯ ಕಾಲ ಬಳಿ ಕೂತು ಗೋಳೋ ಎಂದು ಅತ್ತ. ಅವಳು ಅಳಲಿಲ್ಲ. ಅವನ ಕೈ ತೊಳೆಯಲು ನೀರು ತಂದುಕೊಟ್ಟಳು.

ಮರುವರ್ಷ ಚಳಿ ಶುರುವಾದಾಗ ರೈತ ಯಾರ ಮನೆಗೂ ಹೋಗಲಿಲ್ಲ. ಒಂದು ಸಂಜೆ ಸೊಸೆ ತನ್ನ ಹಾಸಿಗೆಯ ಹುಲ್ಲನ್ನೆಲ್ಲ ಹೊತ್ತುಕೊಂಡು ಮರದ ಬುಡಕ್ಕೆ ಬಂದಳು. ಅವಳು ಮತ್ತೆ ತುಂಬು ಬಸುರಿ. ಹುಲ್ಲು ಕೆಳಗಿಳಿಸಿ, "ಕಟ್ಟಿ, ಮಾವ" ಎಂದಳು.

"ಮರ ಸತ್ತಿದೆ, ತಾಯಿ. ನೀನೇ ನೋಡಿದೆಯಲ್ಲ" ಎಂದ ರೈತ.

"ಆ ಮಾತು ಇನ್ನೊಂದು ಸಲ ಆಡಬೇಡಿ. ಸತ್ತ ಮರಕ್ಕೆ ನನ್ನ ಕೂಸಿನ ಹಾಸಿಗೆ ಎತ್ತಿಕೊಟ್ಟೆ ಎಂದು ಆಗುತ್ತದೆ. ಬಾಚಿ ಕೊಟ್ಟದ್ದು ಈ ಕೈ. ಕಟ್ಟಿ."

ಅವಳ ಹಿಂದೆ ಉಳಿದ ಮನೆಗಳವರೂ ಹುಲ್ಲು ತಂದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ರೈತ ಏಣಿ ಹತ್ತಿದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಅಯ್ಯೋ, ಹುಟ್ಟುವ ಮಗುವಿನ ಗತಿ? ಆ ತಾಯಿಗೆ ಬಿಡಿಸಿ ಹೇಳುವವರು ಒಬ್ಬರೂ ಇರಲಿಲ್ಲವೇ?" ಎಂದ.

"ಕತೆಯಲ್ಲಿ ಹೆರಿಗೆ ಇನ್ನೂ ಆಗಿಲ್ಲ. ಹೇಳುವವನು ನೀನೇ ಆಗು. ಅವಳ ಮುಂದೆ ನಿಂತು ನೀನು ಆಡುವ ಮೊದಲ ಮಾತು ಯಾವುದು, ಹೇಳು" ಎಂದರು ಗುರುಗಳು.